ಎಣಿಸಿಯೂ ಬರೆಯದ ಸುತ್ತು

ಈಗಿನ ಮಿಸ್ತ್ರಿಗಳು ಗಾಡಿಗೆ ಒಂದು ವೈರು ಚುಚ್ಚಿ ಪರದೆ ನೋಡುತ್ತಾ ಕೂಡುತ್ತಾರೆ. ಎಂಜಿನ್ನು ಎಷ್ಟು ಪೆಟ್ರೋಲ್ ಕುಡಿಯುತ್ತಿದೆ, ಅದರೊಳಗಿನ ಕಂಪ್ಯೂಟರ್ ತಾನಾಗಿಯೇ ಎಷ್ಟು ಹೆಚ್ಚುಕಡಿಮೆ ಮಾಡಿಕೊಂಡಿದೆ, ಎಲ್ಲವೂ ಅಂಕಿಯಾಗಿ ಕಾಣುತ್ತದೆ. ಹೋದ ವರ್ಷ ನಮ್ಮ ಓಣಿಯ ಒಬ್ಬ ಮಿಸ್ತ್ರಿ ನನ್ನನ್ನು ಕೂಡಿಸಿಕೊಂಡು ಇದನ್ನೆಲ್ಲ ತೋರಿಸಿದ. ಅಳತೆ ಹಿಡಿಯುವ ಮೊದಲು ಒಂದು ಗುಂಡಿ ಒತ್ತಿ, ಎಂಜಿನ್ನು ಅಲ್ಲಿಯವರೆಗೆ ಕಲಿತದ್ದನ್ನು ಅಳಿಸಿ ಶೂನ್ಯಕ್ಕೆ ತಂದ. "ಹಿಂದಿಂದು ಹಂಗ ಉಳಿದ್ರ ಈಗಿಂದು ಖರೇ ಬರೂದಿಲ್ಲರಿ ಅಜ್ಜಾರ," ಎಂದು ನನಗೆ ಪಾಠ ಹೇಳಿದ. ನಾನು ತಲೆಯಾಡಿಸಿದೆ. ಇದೇ ಮಾತನ್ನು ಐವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದವನು ನಾನು. ಒಂದೇ ಒಂದು ದಿನ ಅದನ್ನು ಪಾಲಿಸದೆ ಒಬ್ಬ ಮನುಷ್ಯನ ಮರ್ಯಾದೆ ಕಳೆದವನೂ ನಾನೇ. ಆ ಹುಡುಗನಿಗೆ ಅದನ್ನು ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಈಗ ವಿಜಯಪುರ ಎನ್ನುವ ಊರು ಆಗ ಬಿಜಾಪುರ. ಸ್ಟೇಶನ್ನಿಗೆ ಹೋಗುವ ರಸ್ತೆಯ ಬದಿಗೆ ನನ್ನ ಶೆಡ್ಡು ಇತ್ತು. ಶೆಡ್ಡು ಎಂದರೆ ನಾಲ್ಕು ಕಂಬ, ಮೇಲೆ ತಗಡು, ಹಿಂದೆ ಒಂದು ಬೇವಿನ ಗಿಡ. ನನಗಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಬೇರೆ ಮಿಸ್ತ್ರಿಗಳು ಕಿವಿಯ ಮೇಲೆ ಭರವಸೆಯಿಟ್ಟು ಕೆಲಸ ಮಾಡುತ್ತಿದ್ದರು. ನಾನು ವಹಿ ಇಟ್ಟಿದ್ದೆ. ಯಾವ ಗಾಡಿ, ಯಾವ ದಿನ, ಏನು ಬಿಚ್ಚಿದೆ, ಎಷ್ಟು ತಿರುವಿದೆ ಎಂದು ಎಲ್ಲ ಬರೆಯುತ್ತಿದ್ದೆ. ಬರೆಯುವ ಮಿಸ್ತ್ರಿ ಎಂದು ಜನ ನಗುತ್ತಿದ್ದರು, ಆದರೆ ಗಾಡಿ ಮಾತ್ರ ನನ್ನ ಹತ್ತಿರವೇ ತರುತ್ತಿದ್ದರು. ಅದರ ಸೊಕ್ಕು ನನಗೆ ಸಾಕಷ್ಟು ಇತ್ತು.

ವಹಿಯ ಮುಖ್ಯ ಸಂಗತಿ ಒಂದು ಸ್ಕ್ರೂ. ಪೆಟ್ರೋಲು ಮತ್ತು ಗಾಳಿ ಬೆರೆಯುವ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ತೂತಿಗೆ ಸೂಜಿಮೊನೆಯ ಸ್ಕ್ರೂ ಕೂಡಿಸಿಕೊಳ್ಳುವ ರೂಢಿ ನಮ್ಮ ಕಡೆಯ ಹಳೆಯ ಜೀಪುಗಳಲ್ಲಿ ಬಂದಿತ್ತು. ಒಳಗೆ ತಿರುವಿದರೆ ಪೆಟ್ರೋಲ್ ಕಡಿಮೆ, ಹೊರಗೆ ತಿರುವಿದರೆ ಹೆಚ್ಚು. ಕಡಿಮೆ ಮಾಡಿದರೆ ಗಾಡಿ ಹೆಚ್ಚು ದೂರ ಓಡುತ್ತದೆ, ಆದರೆ ಎಳೆಯುವ ಕಸುವು ಹೋಗುತ್ತದೆ, ಎಂಜಿನ್ನು ಕಾಯುತ್ತದೆ, ದಿನಾಲೂ ಹಾಗೆ ಓಡಿಸಿದರೆ ವಾಲ್ವು ಸುಡುತ್ತದೆ. ಹತ್ತು ಜನ, ಮೇಲೆ ನಾಲ್ಕು ಜೋಳದ ಚೀಲ ಹೇರಿಕೊಂಡು ಬಬಲೇಶ್ವರದ ಸಂತೆಗೆ ಹೋಗುವ ಜೀಪಿಗೆ ಸ್ಕ್ರೂ ಒಂದಿಷ್ಟು ಸಡಿಲ ಇರಲೇಬೇಕು. ಹೀಗಾಗಿ ಪ್ರತಿಯೊಬ್ಬ ಡ್ರೈವರನ ಕಿಸೆಯಲ್ಲಿ ಒಂದು ಸ್ಕ್ರೂಡ್ರೈವರ್ ಇರುತ್ತಿತ್ತು. ಹೇರು ನೋಡಿ ತೆರೆಯುವುದು, ಖಾಲಿ ಬರುವಾಗ ಮುಚ್ಚುವುದು. ಗಾಡಿ ಶೆಡ್ಡಿಗೆ ಬಂದಾಗ ಅದರಲ್ಲಿ ಗಾಡಿಯ ಅಳತೆ ಇರುತ್ತಿರಲಿಲ್ಲ, ಡ್ರೈವರನ ಆ ಹೊತ್ತಿನ ಮನಸ್ಸು ಇರುತ್ತಿತ್ತು.

ಅದಕ್ಕೇ ನನ್ನ ನಿಯಮ. ಯಾವ ಅಳತೆಗೂ ಮುಂಚೆ ಸ್ಕ್ರೂವನ್ನು ಪೂರ್ತಿ ಒಳಗೆ ತಿರುವಬೇಕು, ತಿರುವುವಾಗ ಎಷ್ಟು ಸುತ್ತು ಹೋಯಿತು ಎಂದು ಎಣಿಸಿ ವಹಿಯಲ್ಲಿ ಗೀಟೆಳೆದ 'ಬಂದಾಗ' ಎಂಬ ಮನೆಯಲ್ಲಿ ಬರೆಯಬೇಕು, ಆಮೇಲೆ ಒಂದೂವರೆ ಸುತ್ತು ಹೊರಗೆ ತಂದು ನಿಲ್ಲಿಸಬೇಕು. ಅಲ್ಲಿಂದ ಮುಂದೆ ಅಳೆದದ್ದಷ್ಟೇ ಅಳತೆ. ಯಾರದ್ದಾದರೂ 'ಬಂದಾಗ' ಎರಡೂವರೆ ಸುತ್ತು ಇದ್ದರೆ ನಾನು ಎಲ್ಲರ ಮುಂದೆ ಓದಿ, "ಏನ್ರಿ, ಗಾಡಿಗೆ ಪೆಟ್ರೋಲ್ ಕುಡಸ್ತೀರೊ ಜಳಕಾ ಮಾಡಸ್ತೀರೊ," ಎಂದು ಕಾಡಿಸುತ್ತಿದ್ದೆ. ಡ್ರೈವರುಗಳು ನಾಚುತ್ತಿದ್ದರು. ಇದರಿಂದ ಒಂದು ಚಾಳಿ ಹುಟ್ಟಿತು. ನನ್ನ ಶೆಡ್ಡಿಗೆ ಬರುವವರು ರೈಲ್ವೆ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಬಾನೆಟ್ಟು ಎತ್ತಿ, ಸ್ಕ್ರೂವನ್ನು ಅರ್ಧ ಮುಕ್ಕಾಲು ಸುತ್ತು ಬಿಗಿ ಮಾಡಿಕೊಂಡೇ ಬರುತ್ತಿದ್ದರು. ಬೀಗರ ಮನೆ ಹೊಗುವ ಮುಂಚೆ ಓಣಿಯ ತುದಿಗೆ ನಿಂತು ಧೋತರ ಜಾಡಿಸಿಕೊಳ್ಳುವ ಹಾಗೆ. ಇದು ನನಗೂ ಗೊತ್ತಿತ್ತು. ಹೇಗೂ ನಾನು ಎಲ್ಲವನ್ನೂ ಒಂದೂವರೆಗೆ ತರುವವನು, ಅವರ ಜಂಬ ಅವರಿಗಿರಲಿ ಎಂದು ಸುಮ್ಮನಿದ್ದೆ.

ಅವರಲ್ಲಿ ಒಬ್ಬನನ್ನು ನಾನು ಕಾಕಾ ಎನ್ನುತ್ತಿದ್ದೆ. ಟಿಕೋಟಾದ ಒಬ್ಬ ಸಾವಕಾರರ ಜೀಪು ಓಡಿಸುವವನು, ನನಗಿಂತ ಹದಿನೈದು ವರ್ಷ ದೊಡ್ಡವನು. ರಕ್ತಸಂಬಂಧವೇನೂ ಇಲ್ಲ. ನಾನು ಶೆಡ್ಡು ಹಾಕಿದ ಮೊದಲ ವರ್ಷ ಜೀಪ್ ಸ್ಟ್ಯಾಂಡಿನಲ್ಲಿ ನಿಂತು, "ಅಂವ ಎಣಿಸದ ಒಂದ ಸ್ಕ್ರೂನೂ ಬಿಚ್ಚೂದಿಲ್ಲ, ಅವನ ಕಡೆ ಹೋಗ್ರಿ," ಎಂದು ಗಿರಾಕಿ ಕಳಿಸಿದವನು ಅವನು. ನನಗೆ ಊರಿನಲ್ಲಿ ಏನು ಹೆಸರಿತ್ತೋ ಅದರಲ್ಲಿ ಅರ್ಧ ಅವನ ಬಾಯಿಂದ ಬಂದದ್ದು. ಹನ್ನೊಂದು ವರ್ಷದಿಂದ ಒಂದೇ ಗಾಡಿ ಓಡಿಸುತ್ತಿದ್ದ. ಟಿಕೋಟಾ, ಬಬಲೇಶ್ವರ, ಮಮದಾಪುರ, ಬಿಜಾಪುರ, ಹೀಗೆ ದಿನಾ ತಿರುಗಾಟ. ದಾರಿಯಲ್ಲಿ ಬಾಣಂತಿ ಕಂಡರೆ ಮುಂದಿನ ಸೀಟಿನವರನ್ನು ಎಬ್ಬಿಸುತ್ತಿದ್ದ. ಊರವರು ಊರ ಸುದ್ದಿ, ಔಷಧ, ಮಗಳ ಮನೆಗೆ ಕೊಡುವ ಗಂಟು, ಎಲ್ಲ ಅವನ ಕೈಯಲ್ಲಿ ಕೊಟ್ಟು ನಿಶ್ಚಿಂತೆಯಿಂದ ಇರುತ್ತಿದ್ದರು. ನಂಬಿಕೆಯೊಂದೇ ಅವನ ಆಸ್ತಿ ಎಂದರೆ ನಡೆಯುತ್ತದೆ. ಬೇರೆ ಏನೂ ಅವನಿಗಿರಲಿಲ್ಲ.

ಪೆಟ್ರೋಲಿನ ಬೆಲೆ ಒಮ್ಮೆಲೇ ಏರಿ ಗಾಡಿ ಇದ್ದವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಕಾಲ. ಅದಾದ ಮರುವರ್ಷ ಒಂದು ದಿನ ಸಾವಕಾರರು ಬಸ್ಸಿನಲ್ಲಿ ಬಂದರು. ಮನೆಯಲ್ಲಿ ಜೀಪಿದ್ದವರು ಬಸ್ಸಿನಲ್ಲಿ ಬಂದಾಗಲೇ ನಾನು ಎಚ್ಚರಾಗಬೇಕಿತ್ತು.

"ಮಿಸ್ತ್ರಿ, ಗಾಡಿ ಲೀಟರಿಗೆ ಐದ ಮೈಲಿ ಮ್ಯಾಲ ಓಡವಲ್ದು," ಎಂದರು. "ಗಾಡಿ ಕುಡ್ಯಾಕತ್ತೈತೊ, ಅಂವ ಮಾರಾಕತ್ತಾನೊ, ನನಗ ಗೊತ್ತಾಗಬೇಕು. ಬಬಲೇಶ್ವರದಾಗ ಕ್ಯಾನ್ ತುಂಬಿ ಕೊಡತಾನಂತ ಮಂದಿ ಅನ್ನಾಕತ್ತಾರ."

"ಕಾಕಾ ಅಂಥಾಂವಲ್ಲರಿ," ಎಂದೆ.

"ಅಲ್ಲಂದ್ರ ಚಲೋನ ಆತು. ನೀ ಅಳದು ಹೇಳು. ಅವಗ ಮಾತ್ರ ಹೇಳಬ್ಯಾಡ. ಟ್ಯೂನಿಂಗ್ ಮಾಡಸೂದೈತಿ ಅಂತ ಅಂದಿರತೇನಿ." ಎದ್ದು ಹೊರಟವರು ತಿರುಗಿ, "ನಮ್ಮ ಎರಡು ಲಾರಿ, ಅಳಿಯಾಂದು ಕಾರು, ಎಲ್ಲಾ ಇನ್ನ ಮ್ಯಾಲ ನಿನ್ನ ಕಡೇನ ಬರತಾವ," ಎಂದರು.

"ಆಗಲಿರಿ ಸಾವಕಾರ್ರ," ಎಂದೆ. ಕಾಕಾನಿಗೆ ಹೇಳದೆ ಇರುವುದು ತಪ್ಪು ಎಂದು ಅನ್ನಿಸಿತು. ಆದರೆ ಅಂಕಿ ಬಂದರೆ ಅವನ ಮೇಲಿನ ಸಂಶಯ ತಾನಾಗಿಯೇ ಹೋಗುತ್ತದೆ, ನಾನು ಅವನಿಗೆ ಉಪಕಾರವನ್ನೇ ಮಾಡುತ್ತಿದ್ದೇನೆ ಎಂದು ಸಮಾಧಾನ ಹೇಳಿಕೊಂಡೆ. ಲಾರಿಗಳ ಮಾತು ಆ ಸಮಾಧಾನಕ್ಕೆ ಎಷ್ಟು ನೆರವಾಯಿತು ಎಂದು ಆಗ ನೋಡಲಿಲ್ಲ.

ಎರಡು ದಿನದ ಮೇಲೆ ಮುಂಜಾನೆ ಜೀಪು ಬಂತು. ಕಾಕಾ ಗಾಡಿ ತೊಳೆದು, ಬಾನೆಟ್ಟಿಗೆ ಎಣ್ಣೆ ಬಟ್ಟೆ ಒರೆಸಿ ತಂದಿದ್ದ. ಸಾವಕಾರರು ಪಕ್ಕದಲ್ಲಿ ಕೂತಿದ್ದರು.

"ಇವತ್ತ ನಿನ್ನ ವಹ್ಯಾಗ ನಮ್ಮ ಗಾಡೀ ಹೆಸರ ಚಂದಂಗ ಬರೀಬೇಕ ನೋಡ ತಮ್ಮಾ," ಎಂದ ಕಾಕಾ.

ನಾನು ಬಾನೆಟ್ಟು ಎತ್ತಿ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಮೊದಲು ಪೂರ್ತಿ ಒಳಗೆ, ಎಣಿಸುವುದು, ಒಂದೂವರೆ ಹೊರಗೆ. ಕೈ ತಾನೇ ಹೋಗುತ್ತಿತ್ತು. ಸಾವಕಾರರು ತಡೆದರು.

"ತಡಿ ಮಿಸ್ತ್ರಿ. ಗಾಡಿ ಹ್ಯಾಂಗ ಬಂದೈತೊ ಹಂಗ ಅಳಿ. ನೀ ಕೈ ಹಚ್ಚಿದ ಮ್ಯಾಲ ಅದು ನಿನ್ನ ಗಾಡಿ ಆಗತೈತಿ. ನನಗ ನನ್ನ ಗಾಡೀದು ಬೇಕು."

ಕೇಳಿದರೆ ನ್ಯಾಯದ ಮಾತೇ. ಆದರೆ ತಪ್ಪು ಮಾತು. ಹಾಗೆ ಅಳೆದರೆ ಬರುವುದು ಗಾಡಿಯದೂ ಅಲ್ಲ, ದಿನದ ಓಡಾಟದ್ದೂ ಅಲ್ಲ, ಬರುವ ಮುಂಚೆ ಯಾರು ಎಷ್ಟು ತಿರುವಿದರು ಎಂಬುದು. ಇದನ್ನು ಹೇಳಲು ನನಗೆ ಎರಡು ಮಾತು ಸಾಕಾಗಿತ್ತು. ಬೇರೆ ಯಾರೇ ಆಗಿದ್ದರೂ ಹೇಳುತ್ತಿದ್ದೆ, ವಾದ ಮಾಡಿ ಗೆಲ್ಲುತ್ತಿದ್ದೆ. ಎರಡು ಲಾರಿಯ ಧಣಿಯ ಮುಂದೆ ವಾದ ಬೇಡ ಎನ್ನಿಸಿತು. ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕಾಕಾ ನನ್ನ ಮುಖ ನೋಡಿದ. ಇವನು ಎಣಿಸುವುದನ್ನು ಯಾಕೆ ಬಿಟ್ಟ ಎಂದು ಅವನಿಗೆ ಆಶ್ಚರ್ಯವಾಗಿರಬೇಕು. ಧಣಿಯ ಮುಂದೆ ಬಾಯಿ ತೆರೆಯಲು ಅವನಿಗೂ ಆಗಲಿಲ್ಲ.

ಪೆಟ್ರೋಲ್ ಟಾಕಿಯ ಕೊಳವೆ ಬಿಚ್ಚಿ, ಒಂದು ಲೀಟರಿನ ಗಾಜಿನ ಬಾಟಲಿಯನ್ನು ಮುಂದೆ ತಂತಿಯಿಂದ ಕಟ್ಟಿ, ರಬ್ಬರ್ ಕೊಳವೆಯಿಂದ ಕಾರ್ಬ್ಯುರೇಟರಿಗೆ ಜೋಡಿಸಿದೆ. ಟಿಕೋಟಾದ ರಸ್ತೆ ಹಿಡಿದೆವು. ಮುಂಜಾನೆಯ ತಂಪು, ಗಾಡಿಯಲ್ಲಿ ಮೂರೇ ಜನ, ಹೇರಿಲ್ಲ. ಕಾಕಾ ತುಂಬಿದ ಕೊಡ ಹೊತ್ತವರ ಹಾಗೆ ಗಾಡಿ ಓಡಿಸಿದ. ಒಂದು ಸಲವೂ ಜೋರಾಗಿ ಒತ್ತಲಿಲ್ಲ, ಎತ್ತಿನಗಾಡಿ ಅಡ್ಡ ಬಂದರೂ ಬ್ರೇಕು ಹಾಕದೆ ನಿಧಾನಕ್ಕೆ ಹಿಂದೆಯೇ ಹೋದ. ಏಳು ಮೈಲಿಯ ಮೇಲೆ ಸ್ವಲ್ಪ ಓಡಿ ಗಾಡಿ ನಿಂತಿತು. ಅವನು ಇಳಿದು ಬಾನೆಟ್ಟಿನ ಮೇಲೆ ಕೈ ಬಡಿದ.

"ನೋಡ್ರಿ ಸಾವಕಾರ್ರ, ನಮ್ಮ ಗಾಡಿ ಇನ್ನಾ ಹರೇದಾಗೈತಿ."

ಸಾವಕಾರರು ನಕ್ಕರು. ದಿನಾ ಐದು ಓಡುವ ಗಾಡಿ ಇವತ್ತು ಏಳು ಓಡಿದರೆ ನಡುವಿನ ಎರಡು ಎಲ್ಲಿ ಹೋಯಿತು ಎಂಬ ಲೆಕ್ಕವನ್ನು ಅವರು ಆಗಲೇ ಹಾಕಿದ್ದರು. ಕಾಕಾ ಮಾತ್ರ ಖುಷಿಯಲ್ಲಿದ್ದ. ತನ್ನ ಗಾಡಿಗೆ ಒಳ್ಳೆಯ ಹೆಸರು ಬಂತು ಎಂದು ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದ.

ಮರಳಿ ಬಂದ ಮೇಲೆ ಅವರಿಬ್ಬರೂ ಬಜಾರದ ಕೆಲಸಕ್ಕೆ ಹೋದರು. ನಾನು ಕಾರ್ಬ್ಯುರೇಟರ್ ತೊಳೆಯಲು ಬಿಚ್ಚಿದೆ. ಬಿಚ್ಚುವ ಮೊದಲು ಸ್ಕ್ರೂವನ್ನು ಒಳಗೆ ತಿರುವಿದೆ, ಎಣಿಸುತ್ತಾ. ಅರ್ಧ ಸುತ್ತು. ಮುಕ್ಕಾಲು. ಅಲ್ಲಿಗೆ ತಳ ಮುಟ್ಟಿತು. ಹಿಂದಿನ ಪುಟ ತೆಗೆದು ನೋಡಿದೆ. ಇದೇ ಜೀಪು ಎರಡು ತಿಂಗಳ ಹಿಂದೆ ಬಂದಾಗ ಒಂದು ಮುಕ್ಕಾಲು ಇತ್ತು. ಕಾಕಾ ಈ ಸಲ ಧಣಿ ಗಾಡಿ ಹತ್ತುವ ಮೊದಲೇ, ಮನೆಯ ಮುಂದೆ ತೊಳೆಯುವಾಗ, ಪೂರ್ತಿ ಒಂದು ಸುತ್ತು ಬಿಗಿ ಮಾಡಿಕೊಂಡು ಬಂದಿದ್ದ. ನನ್ನ ವಹಿಯಲ್ಲಿ 'ಬಂದಾಗ' ಚೆಂದ ಕಾಣಲಿ ಎಂದು. ನಾನು ಹೇಗೂ ಮತ್ತೆ ಒಂದೂವರೆಗೆ ತರುತ್ತೇನೆ ಎಂಬ ಭರವಸೆಯ ಮೇಲೆ.

ಆಗ ಮಧ್ಯಾಹ್ನ ಮೂರು ಗಂಟೆ ಇದ್ದೀತು. ನನಗೆ ಎಲ್ಲ ತಿಳಿದಿತ್ತು. ಏಳು ಮೈಲಿ ಎಂಬುದು ಸುಳ್ಳು ಅಂಕಿ, ಹೇರಿದ ಗಾಡಿಗೆ ಐದೇ ನಿಜ, ಕಾಕಾ ಒಂದು ಹನಿ ಪೆಟ್ರೋಲೂ ಮಾರಿಲ್ಲ. ಇದನ್ನು ಅಂಕಿ ಹಿಡಿದು ತೋರಿಸಬಲ್ಲವನು ಈ ಭೂಮಿಯ ಮೇಲೆ ನಾನೊಬ್ಬನೇ. ವಹಿ ತೆಗೆದು ಆ ದಿನದ ಸಾಲಿನಲ್ಲಿ 'ಬಂದಾಗ' ಎಂಬ ಮನೆಯಲ್ಲಿ ಮುಕ್ಕಾಲು ಎಂದು ಬರೆಯಲು ಪೆನ್ಸಿಲ್ ಹಿಡಿದೆ. ಬರೆದರೆ ಸಾವಕಾರರು ಕೇಳುತ್ತಾರೆ, ಮುಂಜಾನೆ ಅಳೆಯುವಾಗ ಇದು ಗೊತ್ತಿರಲಿಲ್ಲವೇ, ಹಾಗಾದರೆ ನಿನ್ನ ವಹಿಯ ಬೆಲೆ ಏನು ಎಂದು. ನೀವೇ ಕೈ ಹಚ್ಚಬೇಡ ಎಂದಿರಿ ಎಂದು ಅವರ ಮುಖಕ್ಕೆ ಹೇಳಬೇಕಾಗುತ್ತದೆ. ಪೆನ್ಸಿಲ್ ಕೆಳಗಿಟ್ಟೆ. ಆಮೇಲೆ ಬರೆದರಾಯಿತು ಎಂದುಕೊಂಡೆ. ಆ ಮನೆ ಖಾಲಿ ಉಳಿಯಿತು.

ನಾಲ್ಕು ಗಂಟೆಗೆ ಬಂದರು. ಕಾಕಾನ ಕೈಯಲ್ಲಿ ಸಾವಕಾರರ ಮನೆಗೆ ಒಯ್ಯುವ ಸಾಮಾನಿನ ಚೀಲ. ಸಾವಕಾರರು ಏಳು ಮೈಲಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡು ಎಂದರು. ಕೊಟ್ಟೆ. ಕಾಕಾ ನನ್ನ ಹೆಗಲು ತಟ್ಟಿ ಗಾಡಿ ಹತ್ತಿದ.

ಮರುದಿನ ಟಿಕೋಟಾ ಬಸ್ ಸ್ಟ್ಯಾಂಡಿನ ಮುಂದೆ ಸಾವಕಾರರು ನನ್ನ ಚೀಟಿಯನ್ನು ಜನರ ನಡುವೆ ಓದಿ ಕಾಕಾನಿಂದ ಕೀಲಿ ಕಸಿದುಕೊಂಡರು. ಇದನ್ನು ನನಗೆ ಹೇಳಿದವನು ಅಲ್ಲಿಯೇ ಇದ್ದ ಇನ್ನೊಂದು ಜೀಪಿನ ಡ್ರೈವರ್. "ಸ್ಕ್ರೂ ನಾನ ಬಿಗಿ ಮಾಡಿದ್ದೆರಿ, ಗಾಡೀ ಹೆಸರ ಚಲೋ ಬರಲಿ ಅಂತ," ಎಂದು ಕಾಕಾ ಹೇಳಿದನಂತೆ. ಜನ ನಕ್ಕರಂತೆ. ಕಳ್ಳತನ ಸಿಕ್ಕ ಮೇಲೆ ಎಂಥ ಕತೆ ಕಟ್ಟುತ್ತಾನೆ ಎಂದು.

"ನೀವೂ ಎಲ್ಲಾರೂ ಗೇಟಿನ ಹತ್ರ ಬಿಗಿ ಮಾಡೇ ಬರತೀರಲ್ಲ, ಒಬ್ಬರರ ಹೇಳಬೇಕಿತ್ತು," ಎಂದೆ ನಾನು. ಎಂಥ ಧೈರ್ಯ ನೋಡಿ ನನ್ನದು.

"ನಾ ಹೇಳಿದ್ರ ನಮ್ಮ ಮಾಲಕ ನನ್ನ ಬಿಡತಾನೇನ್ರಿ? ನೀವು ಹೇಳ್ರಿ, ನೀವು ಬರದೀರಿ," ಎಂದು ಅವನು ಹೊರಟುಹೋದ.

ಮೂರನೆಯ ದಿನ ಸಾವಕಾರರೇ ಬಂದರು. ಹೊಸ ಡ್ರೈವರ್ ಜೀಪು ತಂದಿದ್ದ. ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು. ಮನುಷ್ಯ ಪೂರಾ ಕೆಟ್ಟವರೇನಲ್ಲ, ಅವರಿಗೂ ಒಳಗೆ ಚುಚ್ಚುತ್ತಿತ್ತು ಎಂದು ಈಗ ಅನ್ನಿಸುತ್ತದೆ.

"ಅಂವ ಸ್ಕ್ರೂ ತಿರುವೀನಿ ಅಂತಾನ. ಮಿಸ್ತ್ರಿನ್ನ ಕೇಳ್ರಿ, ಅಂವ ಏನಂತಾನ ಅದ ಖರೆ ಅಂತಾನ. ತಿರುವಿದ್ನೇನು?"

ಇಷ್ಟು ಸರಳವಾದ ಪ್ರಶ್ನೆ ನನ್ನ ಜನ್ಮದಲ್ಲಿ ಮತ್ತೆ ಬರಲಿಲ್ಲ. ಹೌದು ಎಂದರೆ ಮುಗಿಯಿತು. ಹೊರಗೆ ಅವರ ಲಾರಿ ಒಂದು ಆಗಲೇ ಬಂದು ನಿಂತಿತ್ತು, ನಾನು ಅದರ ಗೇರ್‌ಬಾಕ್ಸ್ ಇಳಿಸಿದ್ದೆ. ಮೂರು ದಿನ ಸುಮ್ಮನಿದ್ದು ಈಗ ಹೌದು ಎಂದರೆ ಅವನ ಕೀಲಿ ಕಸಿಯುವಾಗ ಎಲ್ಲಿದ್ದೆ ಎಂದು ಕೇಳುತ್ತಾರೆ. ಮೊದಲ ದಿನದ ಮೌನಕ್ಕೆ ಒಂದು ನೆಪವಿತ್ತು, ಮೂರನೆಯ ದಿನಕ್ಕೆ ಅದೂ ಉಳಿದಿರಲಿಲ್ಲ.

"ನಾ ನೋಡಲಿಲ್ಲರಿ," ಎಂದೆ.

ಅವರು ನಿಟ್ಟುಸಿರು ಬಿಟ್ಟರು. ಆಮೇಲೆ, "ಹಂಗಾರ ಆ ಸ್ಕ್ರೂ ಇನ್ನ ಯಾರೂ ತಿರುವದಂಗ ತಂತಿ ಬಿಗದು ಸೀಲ್ ಮಾಡು. ಗಾಡಿ ಅವತ್ತಿನಂಗ ಏಳ ಓಡಬೇಕ ನೋಡು," ಎಂದರು.

ಇಲ್ಲಿ ನನ್ನ ಸುಳ್ಳು ನನ್ನ ಕೊರಳಿಗೇ ಬಂತು. ಸ್ಕ್ರೂವನ್ನು ಒಂದೂವರೆಗೆ ನಿಲ್ಲಿಸಿ ಸೀಲ್ ಮಾಡಿದರೆ ಗಾಡಿ ಐದೇ ಮೈಲಿ ಓಡುತ್ತದೆ. ಆಗ ಒಂದೋ ಹೊಸ ಡ್ರೈವರನೂ ಕಳ್ಳ, ಇಲ್ಲವೇ ನಾನು ಸುಳ್ಳ. ಮುಕ್ಕಾಲಿಗೆ ನಿಲ್ಲಿಸಿದರೆ ಏಳಕ್ಕೆ ಹತ್ತಿರ ಓಡುತ್ತದೆ, ಆದರೆ ಹೇರಿದ ಗಾಡಿ ಹಾಗೆ ಓಡಿದರೆ ವಾಲ್ವು ಉಳಿಯುವುದಿಲ್ಲ. ಇದು ಕಲಿಯುವವನಿಗೂ ಗೊತ್ತಿರುವ ಸಂಗತಿ. ನಾನು ಸ್ಕ್ರೂವನ್ನು ಪೂರ್ತಿ ಒಳಗೆ ತಿರುವಿ, ಎಣಿಸಿ, ಮುಕ್ಕಾಲು ಸುತ್ತು ಹೊರಗೆ ತಂದು, ತಂತಿ ಬಿಗಿದು, ಸೀಸದ ಗುಂಡು ಒತ್ತಿ ಸೀಲ್ ಮಾಡಿದೆ. ಹತ್ತು ವರ್ಷ ಕಲಿತ ಕೆಲಸವನ್ನು ಆ ದಿನ ಬೇಕೆಂದೇ ತಪ್ಪಾಗಿ ಮಾಡಿದೆ, ಅದೂ ಬಹಳ ಅಚ್ಚುಕಟ್ಟಾಗಿ.

ಗಾಡಿ ಆರು ಆರೂವರೆ ಓಡತೊಡಗಿತು. ಸಾವಕಾರರು ಊರ ತುಂಬ ನನ್ನ ಹೊಗಳಿದರು. ಕಳ್ಳ ಹೋದ, ಪೆಟ್ರೋಲ್ ಉಳಿಯಿತು ಎಂದರು. ಮತ್ತೆ ನಾಲ್ಕು ಜನ ಮಾಲಕರು ತಮ್ಮ ಡ್ರೈವರುಗಳನ್ನು ಅಳೆಯಿರಿ ಎಂದು ನನ್ನ ಹತ್ತಿರ ಬಂದರು. ಡ್ರೈವರುಗಳು ನನ್ನ ಶೆಡ್ಡಿನ ಮುಂದೆ ಹಾದುಹೋಗುವಾಗ ಮಾತಾಡಿಸುವುದನ್ನು ಬಿಟ್ಟರು. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಬಾನೆಟ್ಟು ಎತ್ತುವ ಚಾಳಿಯೂ ಅಲ್ಲಿಗೆ ನಿಂತಿತು.

ಬೇಸಿಗೆ ಬರುವ ಹೊತ್ತಿಗೆ ಆ ಜೀಪನ್ನು ಎತ್ತು ಹೂಡಿ ಎಳೆದುಕೊಂಡು ಬಂದರು. ಎಂಜಿನ್ನಿನ ಮೇಲಿನ ಹೆಡ್ಡು ಬಿಚ್ಚಿದರೆ ಎರಡು ವಾಲ್ವು ಸುಟ್ಟು ಅಂಚು ತಿಂದುಹೋಗಿದ್ದವು, ಒಳಗೆಲ್ಲ ಬೂದಿಬಣ್ಣ. ಸಾವಕಾರರು ಯಾಕೆ ಹೀಗಾಯಿತು ಎಂದರು. "ಹಳೇ ಗಾಡಿರಿ, ಬಿಸಲ ಭಾಳೈತಿ," ಎಂದೆ. ಸೀಲ್ ಮುರಿದು ಸ್ಕ್ರೂವನ್ನು ಒಂದೂವರೆಗೆ ತಂದೆ. ಸೀಲ್ ಯಾಕೆ ಮುರಿದೆ ಎಂದು ಅವರು ಕೇಳಲಿಲ್ಲ. ಅಷ್ಟು ಹೊತ್ತಿಗೆ ಅವರ ಮನಸ್ಸೆಲ್ಲ ಹೊಸ ಗಾಡಿಯ ಮೇಲೆ ಹೋಗಿತ್ತು.

ಆ ಸುಟ್ಟ ವಾಲ್ವನ್ನು ಕೈಯಲ್ಲಿ ಹಿಡಿದಾಗ ನನಗೆ ಮೊದಲ ಸಲ ಹೆದರಿಕೆಯಲ್ಲದ ಬೇರೆ ಏನೋ ಆಯಿತು. ಕಾಕಾನನ್ನು ನೋಡಬೇಕು ಎನ್ನಿಸಿತು. ಎಲ್ಲಿದ್ದಾನೆ ಎಂದು ವಿಚಾರಿಸಿದೆ. ಟಿಕೋಟಾದಲ್ಲಿ ಯಾರೂ ಗಾಡಿ ಕೊಡದ ಮೇಲೆ ಹೆಂಡತಿಯ ತವರಾದ ಬಿಜ್ಜರಗಿಗೆ ಹೋಗಿದ್ದಾನೆ, ಯಾರದೋ ದ್ರಾಕ್ಷಿ ತೋಟದಲ್ಲಿ ನೀರಿನ ಎಂಜಿನ್ನು ನೋಡಿಕೊಳ್ಳುತ್ತಾನೆ ಎಂದರು. ಒಂದು ಶುಕ್ರವಾರ ಮುಂಜಾನೆಯ ಬಸ್ಸು ಹಿಡಿದೆ.

ಬಾವಿಯ ದಂಡೆಯಲ್ಲಿ ಡೀಸೆಲ್ ಎಂಜಿನ್ನಿನ ಪಕ್ಕ ಕೂತಿದ್ದ. ಖಾಕಿ ಅಂಗಿ ಇರಲಿಲ್ಲ, ಬನಿಯನ್ನು ಮತ್ತು ಲುಂಗಿ. ನನ್ನನ್ನು ನೋಡಿ ಎದ್ದು ನಿಂತ, ಒಂದು ಕಲ್ಲು ಒರೆಸಿ ತೋರಿಸಿದ.

"ಕುಂದ್ರು. ಚಾ ತರಸ್ತೇನಿ."

ಅವನ ಹೆಂಡತಿ ಗುಡಿಸಲಿನ ಬಾಗಿಲಿಗೆ ಬಂದು ನನ್ನನ್ನು ನೋಡಿ ಒಳಗೆ ಹೋದಳು. ಚಹಾ ಬರಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ನಾನು ದಾರಿಯಲ್ಲಿ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತು, "ಕಾಕಾ, ಅವತ್ತ ಮಧ್ಯಾಹ್ನ ನಾ ಎಣಿಸಿದ್ದೆ. ಮುಕ್ಕಾಲಿತ್ತು," ಎಂದೆ.

"ಗೊತ್ತೈತಿ," ಎಂದ.

"ಯಾರ ಹೇಳಿದರು?"

"ಯಾರ ಹೇಳಬೇಕು? ನೀ ಎಣಿಸದ ಬಿಚ್ಚಾಂವಲ್ಲ ಅಂತ ಊರಿಗೆಲ್ಲಾ ಹೇಳಿದಾಂವ ನಾ ಅಲ್ಲೇನು." ಎಂಜಿನ್ನಿನ ಬೆಲ್ಟು ಮುಟ್ಟಿ ನೋಡಿದ, ಮತ್ತೆ ಕೂತ. "ಕೀಲಿ ಕಸಗೊಂಡ ದಿನ ನನಗ ಅಂಜಿಕೀನ ಇರಲಿಲ್ಲ. ನಾಳೆ ನೀ ಬರತೀದಿ, ಹೇಳತೀದಿ, ಮುಗೀತು ಅಂತ ಮನ್ಯಾಗ ಕುಂತಿದ್ದೆ. ಇಕಿಗೂ ಹಂಗ ಹೇಳಿದ್ದೆ."

ಡಬ್ಬಿಯಿಂದ ಎಂಜಿನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು ಮುಂದೆ ಹೇಳಿದ.

"ಮೂರ ದಿನಕ್ಕ ಸಾವಕಾರ್ರು ಬಂದರು. ಮಿಸ್ತ್ರಿ ನೋಡಲಿಲ್ಲ ಅಂದಾನ, ಈಗೇನಂತಿ ಅಂದರು. ನಾ ಅಂದೆ, ಅಂವ ನೋಡಲಿಲ್ಲಂದ್ರ ನಾ ತಿರುವಿರಾಕಿಲ್ಲ ಬಿಡ್ರಿ."

"ಹಂಗ್ಯಾಕ ಅಂದಿ ಕಾಕಾ?"

"ಮತ್ತೇನನ್ನಲಿ? ನನ್ನ ಹೆಸರಂತೂ ಹೋಗಿತ್ತು. ಅಂವ ಸುಳ್ಳ ಹೇಳ್ಯಾನ ಅಂದಿದ್ರ ಯಾರ ನಂಬತಿದ್ರು? ನಿನ್ನ ಹೆಸರಿಗೆ ಒಂದೀಟ ಕಸ ಹತ್ತತಿತ್ತು, ನನ್ನದೇನ ಬರತಿರಲಿಲ್ಲ." ಸಿಟ್ಟಿನಿಂದ ಹೇಳಲಿಲ್ಲ, ಪ್ರೀತಿಯಿಂದಲೂ ಹೇಳಲಿಲ್ಲ. ಎಂಜಿನ್ನಿನ ದೋಷ ಹೇಳುವವನ ಹಾಗೆ ಹೇಳಿದ.

"ನಾ ಈಗ ಹೋಗಿ ಸಾವಕಾರ್ರಿಗೆ ಎಲ್ಲಾ ಹೇಳತೇನಿ," ಎಂದೆ. ಹೇಳುವಾಗಲೇ ನನ್ನ ದನಿ ನನಗೇ ಟೊಳ್ಳಾಗಿ ಕೇಳಿಸಿತು.

ಅವನು ತಲೆ ಓರೆ ಮಾಡಿ ನನ್ನನ್ನು ನೋಡಿದ. ಎಂಜಿನ್ನಿನ ಸದ್ದಿಗೆ ಕಿವಿಗೊಡುವಾಗಲೂ ಅವನು ಹಾಗೆಯೇ ಮಾಡುತ್ತಿದ್ದ.

"ಬ್ಯಾಡ," ಎಂದ. "ಹೇಳಾಂವ ಇದ್ರ ಮೊದಲ ಅಲ್ಲಿಗೆ ಹೋಗಿ ಆಮ್ಯಾಲ ಇಲ್ಲಿಗೆ ಬರತಿದ್ದಿ. ನನ್ನ ಕಡೆ ಮೊದಲ ಬಂದೀದಿ ಅಂದ್ರ ಬ್ಯಾಡ ಅನ್ನಿಸಿಕೊಳ್ಳಾಕ ಬಂದೀದಿ. ಅಂದೇನಿ, ಹೋಗು. ಇನ್ನ ಈ ಕಡೆ ಬರಬ್ಯಾಡ. ನೀ ಬಂದ್ರ ಊರಾಗಿನ ಮಂದಿ ಯಾಕ ಬಂದಿದ್ದಾ ಅಂತ ಕೇಳತಾರ, ನನಗ ಹೇಳೂದಾಗತೈತಿ."

ಬಿಜ್ಜರಗಿಯಿಂದ ಬಸ್ಸು ಹತ್ತಿದೆ. ಟಿಕೋಟಾದಲ್ಲಿ ಅದು ಹತ್ತು ನಿಮಿಷ ನಿಲ್ಲುತ್ತದೆ. ಸ್ಟ್ಯಾಂಡಿನಿಂದ ಸಾವಕಾರರ ಮನೆ ಕಾಣುತ್ತದೆ, ಬಾಗಿಲು ತೆರೆದಿತ್ತು, ಅಂಗಳದಲ್ಲಿ ಅವರೇ ಕೂತಿದ್ದರು. ನಾನು ಸೀಟು ಬಿಟ್ಟು ಏಳಲಿಲ್ಲ. ಬಸ್ಸು ಹೊರಟಿತು. ಆಗ ನನಗೆ ಆದದ್ದು ನಾಚಿಕೆಯಲ್ಲ, ದುಃಖವೂ ಅಲ್ಲ. ಇನ್ನು ಹೇಳಬೇಕಾಗಿಲ್ಲ ಎಂಬ ನೆಮ್ಮದಿ. ಅವನೇ ಬೇಡ ಎಂದಿದ್ದಾನೆ. ಆ ನೆಮ್ಮದಿ ಊರು ಮುಟ್ಟುವವರೆಗೂ ಇತ್ತು, ಬಂದವನೇ ಕೈಕಾಲು ತೊಳೆದು ಹೊಟ್ಟೆ ತುಂಬ ಉಂಡೆ.

ಅವನ ಮಾತಿನಂತೆ ನಾನು ಮತ್ತೆ ಆ ಕಡೆ ಹೋಗಲಿಲ್ಲ. ಹಿರಿಯನ ಮಾತು ಪಾಲಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅವನು ಹೇಳಿದ್ದು ನಿಜ. ಬ್ಯಾಡ ಎಂಬ ಆ ಒಂದು ಮಾತನ್ನು ಅವನ ಬಾಯಿಂದ ಕೇಳಲಿಕ್ಕೇ ನಾನು ಅಲ್ಲಿಗೆ ಹೋಗಿದ್ದೆ.